ಎಂ.ಟೆಕ್, ಎಂಬಿಎ, ಎಂ.ಎಸ್ಸಿ, ಎಂಸಿಎ: ಯಾವ ಸೀಟಿಗೆ ಯಾವ ಪ್ರವೇಶ ಪರೀಕ್ಷೆ?

ದಾವಣಗೆರೆ, ಚಿತ್ರದುರ್ಗದ ಹಾಸ್ಟೆಲುಗಳಲ್ಲಿ ಕೊನೇ ವರ್ಷದ ಹುಡುಗ ಹುಡುಗಿಯರ ಬಾಯಲ್ಲಿ ಆಗಸ್ಟ್ ಬಂತೆಂದರೆ ಒಂದೇ ಮಾತು: ‘ಎಲ್ಲಾದಕ್ಕೂ ಅಪ್ಲಿಕೇಶನ್ ಹಾಕಿಬಿಡೋಣ, ಯಾವುದಾದ್ರೂ ಒಂದು ಕೈ ಹಿಡಿಯುತ್ತೆ.’ ಹಾಗೆ ಹಾಕಿದವರಿಗೆ ಸಾವಿರಾರು ರೂಪಾಯಿ ಶುಲ್ಕ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದಕ್ಕೊಂದು ಹೊಂದದ ನಾಲ್ಕು ಸಿಲಬಸ್ಸುಗಳ ನಡುವೆ ಆರು ತಿಂಗಳು ಹಂಚಿಹೋಗುತ್ತದೆ. ಎಂ.ಟೆಕ್‌ನ ಗೇಟ್‌ಗೆ ಓದಿದ್ದು ಎಂಬಿಎಯ ಕ್ಯಾಟ್‌ಗೆ ನೆರವಾಗುವುದು ತೀರಾ ಕಡಿಮೆ. ಎಂ.ಎಸ್ಸಿ.ಯ ಜಾಮ್‌ಗೆ ಓದಿದ್ದು ರಾಜ್ಯದ ಪಿಜಿಸಿಇಟಿ ಎಂಬಿಎಗೆ ಬರುವುದೇ ಇಲ್ಲ. ಆದ್ದರಿಂದ ಲೆಕ್ಕ ಹಿಂದಿನಿಂದ ಹಾಕಬೇಕು. ಮೊದಲು ಯಾವ ಊರಿನ ಯಾವ ಕಾಲೇಜಿನ ಯಾವ ಸೀಟು ಎಂದು ಮೂರ್ನಾಲ್ಕು ಹೆಸರು ಬರೆದುಕೊಳ್ಳಿ. ಆ ಸೀಟು ಯಾವ ಪರೀಕ್ಷೆಯ ಅಂಕದಿಂದ ತುಂಬುತ್ತದೆ ಎಂದು ಆ ಸಂಸ್ಥೆಯ ಪ್ರವೇಶ ಅಧಿಸೂಚನೆಯಲ್ಲೇ ನೋಡಿ. ಪರೀಕ್ಷೆ ತಾನಾಗಿ ಗೊತ್ತಾಗುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಎಂ.ಎ., ಎಂ.ಕಾಂ., ಎಂ.ಎಸ್ಸಿ. ಸೀಟುಗಳು ಹೆಚ್ಚಾಗಿ ಪದವಿಯ ಅಂಕದ ಮೇಲೆ, ಮೀಸಲಾತಿ ಪಟ್ಟಿಯಂತೆ ತುಂಬುತ್ತವೆ. ತೋಳಹುಣಸೆಯ ಶಿವಗಂಗೋತ್ರಿಯಲ್ಲೇ ಓದಬೇಕು, ಮನೆಯಿಂದಲೇ ಓಡಾಡಬೇಕು ಎನ್ನುವವರು ರಾಷ್ಟ್ರಮಟ್ಟದ ಪರೀಕ್ಷೆಯ ಹಿಂದೆ ಬೀಳುವ ಮುನ್ನ ದಾವಣಗೆರೆ ವಿಶ್ವವಿದ್ಯಾಲಯದ ಆ ವರ್ಷದ ಪ್ರವೇಶ ಪ್ರಕಟಣೆ ಓದಲಿ. ಅಂಥವರಿಗೆ ಕೊನೆಯ ಎರಡು ಸೆಮಿಸ್ಟರಿನ ಅಂಕವೇ ದೊಡ್ಡ ಪರೀಕ್ಷೆ. ವೈದ್ಯಕೀಯದವರ ನೀಟ್ ಪಿಜಿಯ ದಾರಿಯೇ ಬೇರೆಯಾದ್ದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ಎಂ.ಟೆಕ್: ಗೇಟ್ ಬರೆಯಬೇಕೋ, ಪಿಜಿಸಿಇಟಿ ಸಾಕೋ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ಗೇಟ್ ಪರೀಕ್ಷೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಹಳೆಯ ಐಐಟಿಗಳು ಸರದಿಯ ಮೇಲೆ ನಡೆಸುತ್ತವೆ. ಫೆಬ್ರುವರಿಯ ಶನಿವಾರ, ಭಾನುವಾರಗಳಲ್ಲಿ ಪರೀಕ್ಷೆ. 3 ಗಂಟೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, ಅಂದರೆ ಇಂಗ್ಲಿಷ್, ಸರಳ ಲೆಕ್ಕ ಮತ್ತು ತರ್ಕಕ್ಕೆ. ಬಹುತೇಕ ಎಂಜಿನಿಯರಿಂಗ್ ಪತ್ರಿಕೆಗಳಲ್ಲಿ ಇನ್ನು 13 ಅಂಕ ಎಂಜಿನಿಯರಿಂಗ್ ಗಣಿತಕ್ಕೆ. ಉಳಿದದ್ದು ನಿಮ್ಮ ಬ್ರ್ಯಾಂಚಿನ ವಿಷಯ. ಸ್ಕೋರು 3 ವರ್ಷ ನಡೆಯುತ್ತದೆ. ಮೂರನೇ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು.

ಪಿಜಿಸಿಇಟಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದು, ನಮ್ಮ ಬಾಯಲ್ಲಿ ಕೆಇಎ. ರಾಜ್ಯದ ಎಂ.ಟೆಕ್, ಎಂಬಿಎ, ಎಂಸಿಎ ಸೀಟುಗಳ ಸರ್ಕಾರಿ ಕೋಟಾಕ್ಕೆ ಇದೇ ದಾರಿ. ಎಂ.ಟೆಕ್ ಪತ್ರಿಕೆ 2 ಗಂಟೆಯದು, 100 ಅಂಕದ್ದು, ನೆಗೆಟಿವ್ ಅಂಕ ಇಲ್ಲ. ರ‍್ಯಾಂಕು ಆ ವರ್ಷಕ್ಕೆ ಮಾತ್ರ.

ಇಷ್ಟು ನೋಡಿ ‘ನಾನು ಐಐಟಿಗೆ ಹೋಗಲ್ಲ, ದಾವಣಗೆರೆಯ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಎಂ.ಟೆಕ್ ಮಾಡ್ತೀನಿ, ನನಗೆ ಗೇಟ್ ಯಾಕೆ?’ ಎನ್ನುವವರು ಬಹಳ. ಅವರು ಗಮನಿಸದೇ ಬಿಡುವ ಎರಡು ಸಂಗತಿಗಳಿವೆ. ಮೊದಲನೆಯದು, ಕೆಇಎ ಎಂ.ಟೆಕ್ ಸೀಟು ಹಂಚುವಾಗ ಗೇಟ್ ಅರ್ಹತೆ ಪಡೆದವರಿಗೆ ಆದ್ಯತೆ; ಅವರ ಸರದಿ ಮುಗಿದ ಮೇಲೆ ಪಿಜಿಸಿಇಟಿ ರ‍್ಯಾಂಕಿನವರದು. ಎರಡನೆಯದು ಇನ್ನೂ ದೊಡ್ಡದು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಒಪ್ಪಿಗೆ ಇರುವ ಕಾಲೇಜಿನಲ್ಲಿ, ಒಪ್ಪಿಗೆ ಇರುವ ಕೋರ್ಸಿಗೆ, ಪೂರ್ಣಾವಧಿಗೆ, ಸೇರುವ ಹೊತ್ತಿಗೆ ಚಾಲ್ತಿಯಲ್ಲಿರುವ ಗೇಟ್ ಸ್ಕೋರಿನೊಂದಿಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. 24 ತಿಂಗಳಿಗೆ 2,97,600 ರೂಪಾಯಿ. ಕಾಲೇಜು ಸರ್ಕಾರಿಯೋ ಖಾಸಗಿಯೋ ಎನ್ನುವುದು ಇಲ್ಲಿ ಮುಖ್ಯವಲ್ಲ. ಎರಡು ಎಕರೆ ಮೆಕ್ಕೆಜೋಳದ ಆದಾಯದಲ್ಲಿ ಮಕ್ಕಳನ್ನು ಓದಿಸುತ್ತಿರುವ ಮನೆಗೆ ಇದು ಓದು ಮುಂದುವರಿಯುತ್ತದೋ ನಿಲ್ಲುತ್ತದೋ ಎನ್ನುವಷ್ಟು ದೊಡ್ಡ ಮೊತ್ತ. ಈ ಹಣಕ್ಕೆ ಐಐಟಿಯ ಸ್ಕೋರು ಬೇಕಿಲ್ಲ, ಅರ್ಹತಾ ಅಂಕ ದಾಟಿದರೆ ಸಾಕು.

ಆ ಅರ್ಹತಾ ಅಂಕ ಹೇಗೆ ಗೊತ್ತಾಗುತ್ತದೆ ಎಂದರೆ, ಆ ಪತ್ರಿಕೆ ಬರೆದವರೆಲ್ಲರ ಸರಾಸರಿಗೆ ಒಂದು ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವ ಅಳತೆ) ಸೇರಿಸಿದ್ದು, ಅಥವಾ 25 ಅಂಕ. ಎರಡರಲ್ಲಿ ಯಾವುದು ಹೆಚ್ಚೋ ಅದು. ಒಬಿಸಿ ನಾನ್ ಕ್ರೀಮಿಲೇಯರ್‌ನವರಿಗೆ ಅದರ ಶೇ. 90, ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲರಿಗೆ ಅದರ ಮೂರನೇ ಎರಡು ಭಾಗ. ಸಾಮಾನ್ಯ ವರ್ಗದ ಕಟಾಫ್ 30 ಇದ್ದರೆ ಒಬಿಸಿಗೆ 27, ಪರಿಶಿಷ್ಟರಿಗೆ 20. ಮೂರು ಗಂಟೆಯಲ್ಲಿ ಸಾಮಾನ್ಯ ಸಾಮರ್ಥ್ಯದ 15ರಲ್ಲಿ 10, ಗಣಿತದ 13ರಲ್ಲಿ 7 ಗಟ್ಟಿ ಮಾಡಿಕೊಂಡರೆ 17 ಅಂಕ ಕೈಯಲ್ಲಿದ್ದಂತೆ. ಉಳಿದದ್ದಕ್ಕೆ ವಿಷಯದ ಎಲ್ಲ ಅಧ್ಯಾಯ ಓದಬೇಕಿಲ್ಲ, ನಾಲ್ಕೈದನ್ನು ಆಳವಾಗಿ ಓದಿದರೆ ಸಾಕು. ಅರ್ಹತೆ ಮಾತ್ರ ಸಾಕು ಎನ್ನುವವರ ತಯಾರಿ ಹೀಗಿರಬೇಕು. ಐಐಟಿ, ವಿಜ್ಞಾನ ಸಂಸ್ಥೆ ಎನ್ನುವವರ ತಯಾರಿಯೇ ಬೇರೆ. ಅವರಿಗೆ ಪೂರ್ತಿ ಸಿಲಬಸ್ಸು, ಎಂಟು ತಿಂಗಳ ದುಡಿಮೆ ಬೇಕು.

ಆದ್ದರಿಂದ ಎಂ.ಟೆಕ್ ಎಂದವರಿಗೆ ನಮ್ಮ ಸಲಹೆ ಖಚಿತ: ಗೇಟ್ ಬರೆಯಿರಿ, ಪಿಜಿಸಿಇಟಿಯನ್ನು ಬೆನ್ನಿಗಿಟ್ಟುಕೊಳ್ಳಿ. ಎರಡರ ವಿಷಯ ಬಹುಪಾಲು ಒಂದೇ ಆದ್ದರಿಂದ ಗೇಟ್‌ಗೆ ಓದಿದವರು ಪಿಜಿಸಿಇಟಿಗೆ ಹದಿನೈದು ದಿನ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ ನಡೆಯುತ್ತದೆ. ಇದೇ ಮಾತು ತಿರುಗಿಸಿದರೆ ನಡೆಯುವುದಿಲ್ಲ.

ಗೇಟ್‌ನಲ್ಲಿ ಎಡವುವ ಜಾಗಗಳೂ ಗೊತ್ತಿರಲಿ. ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರಿಗೆ ಒಳಗೆ ಪ್ರವೇಶವಿಲ್ಲ; ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಮೌಸಿನಿಂದ ಒತ್ತಬೇಕು. ಅದರಲ್ಲಿ ಡಿಗ್ರಿ, ರೇಡಿಯನ್ ಎಂದು ಎರಡು ಗುಂಡಿ ಇವೆ. ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಕ್ಯಾಲ್ಕುಲೇಟರಿಗೆ ಬೆರಳು ಒಗ್ಗಿದವರು ಇಲ್ಲಿ ಅದನ್ನು ನೋಡದೆ ಸೈನ್ ಒತ್ತುತ್ತಾರೆ, ದಾರಿ ಸರಿಯಿದ್ದೂ ಉತ್ತರ ತಪ್ಪುತ್ತದೆ. ಸಂಖ್ಯೆಯನ್ನೇ ಟೈಪಿಸಬೇಕಾದ ಪ್ರಶ್ನೆಗಳಲ್ಲಿ ‘ಎರಡು ದಶಮಾಂಶ ಸ್ಥಾನಕ್ಕೆ’ ಎಂದಿದ್ದರೆ ನಡುವಿನ ಹಂತದಲ್ಲಿ ದುಂಡಾಗಿಸಬೇಡಿ. ಕೊನೆಯಲ್ಲಿ ಒಂದೇ ಸಲ ದುಂಡಾಗಿಸಿ. 3.146ನ್ನು ಮೊದಲೇ 3.1 ಮಾಡಿ 40ರಿಂದ ಗುಣಿಸಿದರೆ 124, ಮಾಡದೆ ಗುಣಿಸಿದರೆ 125.84. ಉತ್ತರಕ್ಕೆ ಕೊಟ್ಟಿರುವ ಅಂತರದಿಂದ ಹೊರಗೆ ಬಿದ್ದರೆ ಸೊನ್ನೆಯೇ. ಇದೇ ಕ್ಯಾಲ್ಕುಲೇಟರು ಅಂತರ್ಜಾಲದಲ್ಲಿ ಸಿಗುತ್ತದೆ. ಅಕ್ಟೋಬರಿನಿಂದ ಅದರಲ್ಲೇ ಲೆಕ್ಕ ಮಾಡಿ.

ಮಾರ್ಚಿನಲ್ಲಿ ಫಲಿತಾಂಶ ಬಂದ ಮೇಲೆ ಸೀಟು ತಾನಾಗಿ ಮನೆಗೆ ಬರುವುದಿಲ್ಲ. ಐಐಟಿಗಳಿಗೆ ಒಂದೊಂದಕ್ಕೂ ಬೇರೆ ಅರ್ಜಿ ಹಾಕಬೇಕು, ಜೊತೆಗೆ ಕೋಆಪ್ ಎಂಬ ಪೋರ್ಟಲಿನಲ್ಲಿ ನೋಂದಾಯಿಸಬೇಕು; ಐಐಟಿಗಳ ಸೀಟಿನ ಆಹ್ವಾನ ಬರುವುದು ಅಲ್ಲಿಗೆ. ಸುರತ್ಕಲ್ಲಿನ ಎನ್‌ಐಟಿಕೆಯಂಥ ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಬೇರೆ ಕೌನ್ಸೆಲಿಂಗ್. ಒಳ್ಳೆಯ ಸ್ಕೋರು ಕೈಯಲ್ಲಿಟ್ಟುಕೊಂಡು, ಏಪ್ರಿಲಿನಲ್ಲಿ ಅರ್ಜಿ ಹಾಕುವುದು ಗೊತ್ತಾಗದೆ ಒಂದು ವರ್ಷ ಕಳೆದುಕೊಳ್ಳಬೇಡಿ. ಕಳೆದುಕೊಂಡಿದ್ದರೂ ಸ್ಕೋರು ಮೂರು ವರ್ಷ ಇರುತ್ತದೆ.

ಎಂ.ಎಸ್ಸಿ: ಜಾಮ್ ಮತ್ತು ಸಿಯುಇಟಿ ಪಿಜಿ

ಬಿ.ಎಸ್ಸಿ. ಮಾಡಿದವರಿಗೆ ಗೇಟ್ ಬರೆಯಲು ಅವಕಾಶವೇನೋ ಇದೆ, ಆದರೆ ಎಂ.ಎಸ್ಸಿ. ಸೀಟಿಗೆ ಬೇಕಿರುವುದು ಜಾಮ್. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ, ಭೂವಿಜ್ಞಾನ, ಅರ್ಥಶಾಸ್ತ್ರ, ಗಣಿತೀಯ ಸಂಖ್ಯಾಶಾಸ್ತ್ರ ಎಂದು 7 ಪತ್ರಿಕೆಗಳು. 3 ಗಂಟೆ, 60 ಪ್ರಶ್ನೆ, 100 ಅಂಕ. ಐಐಟಿಗಳ ಎಂ.ಎಸ್ಸಿ.ಗೂ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಈ ಬಾಗಿಲು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಅದೇ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ನಾಯಕನಹಟ್ಟಿ ಕಡೆಯ ಮಕ್ಕಳು ಅದರ ಬೇಲಿ ನೋಡುತ್ತಲೇ ಬೆಳೆದಿರುತ್ತಾರೆ. ಆ ಸಂಸ್ಥೆಗೆ ಬಿ.ಎಸ್ಸಿ. ಮುಗಿಸಿ ಸೇರುವ ದಾರಿ ಒಂದಿದೆ ಎಂದು ಅವರಿಗೆ ಯಾರಾದರೂ ಹೇಳಲೇಬೇಕು.

ಸಿಯುಇಟಿ ಪಿಜಿ 2022ರಲ್ಲಿ ಶುರುವಾದದ್ದು, ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ, ದೆಹಲಿಯ ಜೆಎನ್‌ಯು ಮೊದಲಾದವುಗಳಿಗೆ ಇದು. 75 ಪ್ರಶ್ನೆ, 2025ರಿಂದ 90 ನಿಮಿಷ. ಸರಿಗೆ 4, ತಪ್ಪಿಗೆ 1 ಕಳೆಯುತ್ತಾರೆ. ಜಾಮ್ ಪ್ರಶ್ನೆ ಯೋಚಿಸಿ ಬಿಡಿಸುವಂಥದ್ದು, ಒಂದಕ್ಕೆ ಮೂರು ನಿಮಿಷ ಸಿಗುತ್ತದೆ. ಸಿಯುಇಟಿಯಲ್ಲಿ ಒಂದಕ್ಕೆ 72 ಸೆಕೆಂಡು, ನೆನಪು ಮತ್ತು ವೇಗದ ಪರೀಕ್ಷೆ. ಪದವಿಯ ಪಠ್ಯವನ್ನು ನಿಯತ್ತಾಗಿ ಓದಿಕೊಂಡವರಿಗೆ ಸಿಯುಇಟಿ ಹತ್ತಿರ. ಲೆಕ್ಕದ ಹಿಂದಿನ ತತ್ವ ಬಿಡಿಸಿ ನೋಡುವ ಹುಚ್ಚು ಇರುವವರು ಜಾಮ್‌ಗೆ ಹೆದರಬೇಕಿಲ್ಲ. ಕನ್ನಡ, ಇತಿಹಾಸ, ಸಮಾಜಶಾಸ್ತ್ರದಂಥ ವಿಷಯದವರು ಕೇಂದ್ರೀಯ ವಿಶ್ವವಿದ್ಯಾಲಯ ಬಯಸಿದರೆ ಸಿಯುಇಟಿಯೇ ದಾರಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದು ಸಂಗತಿಗೆ ತಯಾರಿರಬೇಕು: ಜಾಮ್ ಇಂಗ್ಲಿಷಿನಲ್ಲಿ ಮಾತ್ರ, ಸಿಯುಇಟಿಯ ಭಾಷೇತರ ಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ವಿಷಯ ಗೊತ್ತಿದ್ದೂ ಪಾರಿಭಾಷಿಕ ಪದ ತಿಳಿಯದೆ ಅಂಕ ಹೋಗಬಾರದು. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿಮಗೆ ಗೊತ್ತಿರುವ ಕನ್ನಡ ಪದ ಬರೆದು ದಿನಕ್ಕೆ ಹತ್ತರಂತೆ ಓದಿದರೆ ಎರಡು ತಿಂಗಳಲ್ಲಿ ಆ ತೊಡಕು ಬಹುಮಟ್ಟಿಗೆ ಕಳೆಯುತ್ತದೆ.

ಎಂಬಿಎ ಮತ್ತು ಎಂಸಿಎ

ಎಂಬಿಎಗೆ ಮೂರು ಹಾದಿ. ಕ್ಯಾಟ್ ನವೆಂಬರಿನ ಕೊನೆಯ ಭಾನುವಾರದ ಆಸುಪಾಸು. ಓದಿ ಅರ್ಥಮಾಡಿಕೊಳ್ಳುವುದು, ದತ್ತಾಂಶ ಮತ್ತು ತರ್ಕ, ಗಣಿತ ಎಂಬ 3 ಭಾಗ, ಒಂದೊಂದಕ್ಕೆ 40 ನಿಮಿಷ. ಒಂದು ಭಾಗದ ಸಮಯ ಮುಗಿದರೆ ಹಿಂದಕ್ಕೆ ಹೋಗುವಂತಿಲ್ಲ. 2024ರಲ್ಲಿ 68 ಪ್ರಶ್ನೆಗಳಿದ್ದವು. ಅಂಕಕ್ಕಿಂತ ಪರ್ಸೆಂಟೈಲ್ ಮುಖ್ಯ: 90 ಪರ್ಸೆಂಟೈಲ್ ಎಂದರೆ ನೂರಕ್ಕೆ ತೊಂಬತ್ತು ಅಂಕವಲ್ಲ, ಬರೆದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ನಿಮಗಿಂತ ಕೆಳಗಿದ್ದಾರೆ ಎಂದು. ಬೆಂಗಳೂರಿನ ಐಐಎಂ ಕ್ಯಾಟ್ ಒಂದನ್ನೇ ನೋಡುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕ, ಕೆಲಸದ ಅನುಭವ ಎಲ್ಲಕ್ಕೂ ತೂಕವಿದೆ. ಪಿಯುಸಿಯಲ್ಲಿ ಅಂಕ ಕಡಿಮೆಯಿದ್ದರೆ ಕ್ಯಾಟ್‌ನಲ್ಲಿ ಅಷ್ಟು ಹೆಚ್ಚು ತೆಗೆಯಬೇಕಾಗುತ್ತದೆ, ಆ ಲೆಕ್ಕ ಮೊದಲೇ ಹಾಕಿ.

ಪಿಜಿಸಿಇಟಿ ಎಂಬಿಎ 100 ಪ್ರಶ್ನೆ, 2 ಗಂಟೆ, ನೆಗೆಟಿವ್ ಇಲ್ಲ. ಇಂಗ್ಲಿಷ್, ಸಾಮಾನ್ಯ ಜ್ಞಾನ, ತರ್ಕ, ಲೆಕ್ಕ. ದಿನಾ ಪತ್ರಿಕೆ ಓದುವ ಬಿ.ಕಾಂ. ವಿದ್ಯಾರ್ಥಿಗೆ ಮೂರು ತಿಂಗಳ ಕೆಲಸ. ಕೆಮ್ಯಾಟ್ ಖಾಸಗಿ ಕಾಲೇಜುಗಳ ಸಂಘ ನಡೆಸುವ ಪರೀಕ್ಷೆ, ಖಾಸಗಿ ಕಾಲೇಜುಗಳಿಗೆ ಮಾತ್ರ ಉಪಯೋಗ. ಸರ್ಕಾರಿ ಕೋಟಾದ ಶುಲ್ಕದಲ್ಲಿ ಓದಬೇಕಾದವರಿಗೆ ಪಿಜಿಸಿಇಟಿ ಬಿಟ್ಟು ಕೆಮ್ಯಾಟ್ ಮಾತ್ರ ಬರೆಯುವುದು ದುಬಾರಿಯ ತಪ್ಪು.

ಬಿಸಿಎ ಮುಗಿಸಿ ಎಂಸಿಎ ಎನ್ನುವವರಿಗೆ ಪಿಜಿಸಿಇಟಿ ಮತ್ತು ನಿಮ್‌ಸೆಟ್ ಎರಡಿವೆ. ನಿಮ್‌ಸೆಟ್ ಎನ್‌ಐಟಿಗಳದ್ದು, ಸುರತ್ಕಲ್ಲೂ ಅದರಲ್ಲಿದೆ. ಅಲ್ಲಿ 1000 ಅಂಕಕ್ಕೆ 600 ಗಣಿತವೇ. ಪಿಯುಸಿ ಗಣಿತ ಬಿಟ್ಟು ಮೂರು ವರ್ಷವಾದವರು ತ್ರಿಕೋನಮಿತಿ, ಕಲನಶಾಸ್ತ್ರ, ಸಂಭವನೀಯತೆಯನ್ನು ಮತ್ತೆ ಮೊದಲಿನಿಂದ ಹಿಡಿಯಬೇಕು. ಕಂಪ್ಯೂಟರ್ ವಿಷಯ ಚೆನ್ನಾಗಿದೆ ಎಂಬ ಧೈರ್ಯದಲ್ಲಿ ಹೋದರೆ ಆಗುವುದಿಲ್ಲ.

ಊಹೆಯ ಉತ್ತರ: ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು

‘ಗೊತ್ತಿಲ್ಲದಿದ್ದರೆ ಬಿಟ್ಟುಬಿಡು’ ಎಂದು ಎಲ್ಲ ಪರೀಕ್ಷೆಗೂ ಒಂದೇ ಬುದ್ಧಿ ಹೇಳುವುದು ಸರಿಯಲ್ಲ. ನಾಲ್ಕು ಆಯ್ಕೆಯ ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರ ಕೊಟ್ಟರೆ ನಾಲ್ಕರಲ್ಲಿ ಒಂದು ಸಲ ಸರಿಯಾಗುತ್ತದೆ ಎಂದಿಟ್ಟುಕೊಳ್ಳಿ. ಗೇಟ್‌ನ ಒಂದು ಅಂಕದ ಪ್ರಶ್ನೆಯಲ್ಲಿ ತಪ್ಪಿಗೆ ಮೂರನೇ ಒಂದು ಅಂಕ ಹೋಗುತ್ತದೆ. ಅಂಥ ನಾಲ್ಕು ಪ್ರಶ್ನೆಗೆ ಊಹಿಸಿದರೆ 1 ಬಂತು, ಮೂರು ತಪ್ಪಿಗೆ 1 ಹೋಯಿತು, ಉಳಿದದ್ದು ಸೊನ್ನೆ. ಒಂದು ಆಯ್ಕೆ ತಪ್ಪೆಂದು ಖಚಿತವಾಗಿ ಹೊಡೆದುಹಾಕಿದ ಮೇಲೆ ಊಹಿಸಿದರೆ ಮೂರರಲ್ಲಿ ಒಂದು ಸರಿ, ಎರಡು ತಪ್ಪು: 1 ಬಂದು ಮೂರನೇ ಎರಡು ಹೋಯಿತು, ಮೂರನೇ ಒಂದು ಅಂಕ ಉಳಿಯಿತು. ಜಾಮ್‌ನ ಎ ಭಾಗದಲ್ಲೂ ಕ್ಯಾಟ್‌ನ ಬಹು ಆಯ್ಕೆ ಪ್ರಶ್ನೆಗಳಲ್ಲೂ ಇದೇ ಲೆಕ್ಕ. ಕ್ಯಾಟ್‌ನಲ್ಲಿ ಸರಿಗೆ 3, ತಪ್ಪಿಗೆ 1. ಹಾಗಾಗಿ ಈ ಮೂರರಲ್ಲಿ ಒಂದು ಆಯ್ಕೆಯನ್ನಾದರೂ ತಳ್ಳಿಹಾಕಲು ಬಂದರೆ ಬರೆಯಿರಿ, ಬಾರದಿದ್ದರೆ ಬಿಡಿ.

ಸಿಯುಇಟಿಯಲ್ಲಿ ನಾಲ್ಕು ಊಹೆಗೆ 4 ಬಂದು 3 ಹೋಗುತ್ತದೆ, 1 ಉಳಿಯುತ್ತದೆ. ಸಮಯ ಇದ್ದರೆ ಅಲ್ಲಿ ಬಿಡುವುದಕ್ಕಿಂತ ಬರೆಯುವುದೇ ಮೇಲು. ಗೇಟ್, ಜಾಮ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರುವ ಪ್ರಶ್ನೆಗಳಿಗೂ ಸಂಖ್ಯೆ ಟೈಪಿಸುವ ಪ್ರಶ್ನೆಗಳಿಗೂ ನೆಗೆಟಿವ್ ಇಲ್ಲ. ಅವನ್ನು ಖಾಲಿ ಬಿಡಲೇಬೇಡಿ. ಪಿಜಿಸಿಇಟಿಯಲ್ಲಂತೂ ಒಂದು ಪ್ರಶ್ನೆಯನ್ನು ಬಿಟ್ಟರೂ ಅದು ಅಂಕ ಚೆಲ್ಲಿದಂತೆ. ಓಎಂಆರ್ ಹಾಳೆಯ ಪರೀಕ್ಷೆಯಾದರೆ ಎಲ್ಲ ಉತ್ತರ ಕೊನೆಗೆ ತುಂಬೋಣ ಎಂದು ಬಿಡಬೇಡಿ, ಇಪ್ಪತ್ತು ಪ್ರಶ್ನೆಗೊಮ್ಮೆ ತುಂಬಿ. ಒಂದು ಸಾಲು ಜಾರಿದರೆ ಅಲ್ಲಿಂದ ಕೆಳಗಿನದ್ದೆಲ್ಲ ಜಾರುತ್ತದೆ. ಇಪ್ಪತ್ತಕ್ಕೊಮ್ಮೆ ಸಂಖ್ಯೆ ತಾಳೆ ನೋಡಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಹೊರದೇಶಕ್ಕೆ: ಜಿಆರ್‌ಇ, ಜಿಮ್ಯಾಟ್

ಎಂಜಿನಿಯರಿಂಗ್, ವಿಜ್ಞಾನದ ಎಂ.ಎಸ್.ಗೆ ಜಿಆರ್‌ಇ, ಬಿಸಿನೆಸ್ ಸ್ಕೂಲಿಗೆ ಜಿಮ್ಯಾಟ್. ಹಲವು ಬಿಸಿನೆಸ್ ಸ್ಕೂಲುಗಳು ಜಿಆರ್‌ಇಯನ್ನೂ ಒಪ್ಪುತ್ತವೆ. 2023ರ ಸೆಪ್ಟೆಂಬರಿನಿಂದ ಜಿಆರ್‌ಇ 1 ಗಂಟೆ 58 ನಿಮಿಷಕ್ಕೆ ಇಳಿದಿದೆ: ಒಂದು ಪ್ರಬಂಧ, ಭಾಷೆಯ 27 ಪ್ರಶ್ನೆ, ಗಣಿತದ 27 ಪ್ರಶ್ನೆ. ಎರಡಕ್ಕೂ 130ರಿಂದ 170ರವರೆಗೆ ಸ್ಕೋರು, 5 ವರ್ಷ ಚಾಲ್ತಿ. ಗಣಿತ ನಮ್ಮ ಪಿಯುಸಿ ಮಟ್ಟ ದಾಟುವುದಿಲ್ಲ. ನಮ್ಮವರು ಸೋಲುವುದು ಭಾಷೆಯ ಭಾಗದಲ್ಲಿ. ಮೊದಲ ಭಾಗ ಹೇಗೆ ಮಾಡಿದಿರಿ ಎನ್ನುವುದರ ಮೇಲೆ ಎರಡನೆಯದರ ಕಠಿಣತೆ ನಿಗದಿಯಾಗುವುದರಿಂದ ಮೊದಲ 12 ಪ್ರಶ್ನೆಗಳಲ್ಲಿ ಆತುರ ಬೇಡ.

ಶುಲ್ಕ 20 ಸಾವಿರ ರೂಪಾಯಿಗೂ ಹೆಚ್ಚು. ಆದ್ದರಿಂದ ಹಣ ಕಟ್ಟುವ ಮುನ್ನ ನೀವು ಬರೆದುಕೊಂಡ ವಿಶ್ವವಿದ್ಯಾಲಯಗಳ ವಿಭಾಗದ ಪುಟ ತೆರೆದು ನೋಡಿ. ಅಮೆರಿಕದ ಎಷ್ಟೋ ವಿಭಾಗಗಳು ಈಗ ಜಿಆರ್‌ಇ ಕೇಳುವುದನ್ನು ಬಿಟ್ಟಿವೆ, ಇನ್ನು ಕೆಲವು ಐಚ್ಛಿಕ ಮಾಡಿವೆ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಇಂಗ್ಲಿಷ್ ಭಾಷೆಯ ಬೇರೆಯೇ ಪರೀಕ್ಷೆ, ಅದರ ಸ್ಕೋರು 2 ವರ್ಷ ಮಾತ್ರ. ಅದನ್ನು ಮೊದಲೇ ಬರೆದಿಟ್ಟು ಅರ್ಜಿಯ ಹೊತ್ತಿಗೆ ಅವಧಿ ಮುಗಿಸಿಕೊಳ್ಳಬೇಡಿ.

ಜಿಆರ್‌ಇಯನ್ನು ಮನೆಯಲ್ಲೇ ಬರೆಯಬಹುದು, ಬೆಂಗಳೂರಿನ ಕೇಂದ್ರಕ್ಕೂ ಹೋಗಬಹುದು. ಮನೆಯಲ್ಲಾದರೆ ಕೋಣೆಯಲ್ಲಿ ಒಬ್ಬರೇ ಇರಬೇಕು, ಕಿವಿಗೆ ಇಯರ್‌ಫೋನ್ ಇರುವಂತಿಲ್ಲ, ಕಾಗದದ ಮೇಲೆ ಲೆಕ್ಕ ಮಾಡುವಂತಿಲ್ಲ. ಒರೆಸಬಹುದಾದ ಚಿಕ್ಕ ಬಿಳಿ ಹಲಗೆ ಬೇಕು. ನಡುವೆ ಯಾರಾದರೂ ಬಾಗಿಲು ತೆರೆದರೆ ಪರೀಕ್ಷೆಯೇ ರದ್ದಾಗಬಹುದು. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಆದರೆ ವೈಫೈ ರೌಟರಿಗೆ ಯುಪಿಎಸ್ ಇಲ್ಲದಿದ್ದರೆ ಸಂಪರ್ಕ ಕಡಿಯುತ್ತದೆ. ಮನೆ ತುಂಬ ಜನ ಇರುವವರಿಗೆ, ಕರೆಂಟಿನ ಭರವಸೆ ಇಲ್ಲದವರಿಗೆ ಬೆಂಗಳೂರೇ ವಾಸಿ. ದುರ್ಗದಿಂದ 200 ಕಿಲೋಮೀಟರು, ದಾವಣಗೆರೆಯಿಂದ ಸುಮಾರು 260. ಹಿಂದಿನ ದಿನವೇ ಹೋಗಿ ಉಳಿಯಿರಿ, ರಾತ್ರಿ ಬಸ್ಸಿನ ನಿದ್ದೆಗೆಟ್ಟ ಕಣ್ಣಲ್ಲಿ ಪರೀಕ್ಷೆ ಬೇಡ.

ಹೆಸರು, ಜಾತಿ ಪ್ರಮಾಣಪತ್ರ, ಕೌನ್ಸೆಲಿಂಗ್

ನಮ್ಮ ಕಡೆ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ, ಇನಿಷಿಯಲ್ಲೇ ಹೆಚ್ಚು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ.’, ಆಧಾರ್‌ನಲ್ಲಿ ‘ಮಂಜುನಾಥ ತಿಪ್ಪೇಸ್ವಾಮಿ’, ಪಾಸ್‌ಪೋರ್ಟಿನಲ್ಲಿ ಬರೀ ‘ಮಂಜುನಾಥ’ ಎಂದಿದ್ದರೆ ಒಬ್ಬನೇ ಹುಡುಗ ಕಾಗದದಲ್ಲಿ ಮೂವರಾಗುತ್ತಾನೆ. ಅರ್ಜಿಯ ಹೆಸರು ಗುರುತಿನ ಚೀಟಿಯ ಹೆಸರಿಗೆ ಅಕ್ಷರಶಃ ಹೊಂದಬೇಕು. ಹೊಂದದಿದ್ದರೆ ಕೇಂದ್ರದ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಆಧಾರ್ ತಿದ್ದುಪಡಿ ಅರ್ಜಿ ಶುರುವಾಗುವ ಮುನ್ನ, ಅಂದರೆ ಜುಲೈ ಒಳಗೆ ಮುಗಿಸಿ.

ಮೀಸಲಾತಿಯಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ನಾಡಕಚೇರಿಯಲ್ಲಿ ಪಡೆದ ಪ್ರವರ್ಗ 1, 2ಎ, 3ಬಿ ಪ್ರಮಾಣಪತ್ರ ಕೆಇಎಗೆ ನಡೆಯುತ್ತದೆ, ಅದರ ಆರ್‌ಡಿ ಸಂಖ್ಯೆಯನ್ನೇ ಅಲ್ಲಿ ನಮೂದಿಸುವುದು. ಆದರೆ ಗೇಟ್, ಜಾಮ್, ಕ್ಯಾಟ್, ಸಿಯುಇಟಿಗೆ ಅದು ಬರುವುದಿಲ್ಲ. ಅವಕ್ಕೆ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ನಾನ್ ಕ್ರೀಮಿಲೇಯರ್ ಪ್ರಮಾಣಪತ್ರ ಬೇಕು, ಅದೂ ಅಧಿಸೂಚನೆ ಹೇಳಿದ ದಿನಾಂಕದ ನಂತರದ್ದು. ರಾಜ್ಯದ ಹಿಂದುಳಿದ ಪಟ್ಟಿಯಲ್ಲಿ ಇರುವ ಎಲ್ಲರೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಉಪಜಾತಿಯ ಹೆಸರು ಹಿಡಿದು ಕೇಂದ್ರದ ಪಟ್ಟಿಯಲ್ಲಿ ಹುಡುಕಬೇಕು. ಇಲ್ಲದಿದ್ದರೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಆಸ್ತಿಯ ಮಿತಿಗೂ ಒಳಪಟ್ಟರೆ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಯಾದ ಇಡಬ್ಲ್ಯುಎಸ್‌ಗೆ ಅರ್ಹತೆ ಇದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಕೆಇಎ ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಕೇಳುತ್ತದೆ. ಒಂದನೆಯದು, ಸೀಟು ಒಪ್ಪಿ ಸೇರುತ್ತೇನೆ. ಎರಡನೆಯದು, ಈ ಸೀಟು ಇಟ್ಟುಕೊಂಡೇ ಇದಕ್ಕಿಂತ ಮೇಲಿನ ಆಯ್ಕೆಗೆ ಮುಂದಿನ ಸುತ್ತಿನಲ್ಲಿ ಇರುತ್ತೇನೆ. ಮೂರನೆಯದು, ಈ ಸೀಟು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕನೆಯದು, ಕೌನ್ಸೆಲಿಂಗ್‌ನಿಂದಲೇ ಹೊರಗೆ. ಎರಡನ್ನೂ ಮೂರನ್ನೂ ಅದಲುಬದಲು ಒತ್ತಿ, ಕೈಯಲ್ಲಿದ್ದ ಸೀಟು ಬಿಟ್ಟುಕೊಟ್ಟವರು ಪ್ರತಿ ವರ್ಷ ಇರುತ್ತಾರೆ. ಸೈಬರ್ ಸೆಂಟರಿನವರ ಕೈಗೆ ಪಾಸ್‌ವರ್ಡ್ ಕೊಟ್ಟು ಮನೆಗೆ ಬರಬೇಡಿ. ಪಕ್ಕದಲ್ಲಿ ಕೂತು, ಪರದೆಯ ಮೇಲಿನ ಸಾಲನ್ನು ಗಟ್ಟಿಯಾಗಿ ಓದಿ, ನೀವೇ ಒತ್ತಿ, ಪ್ರಿಂಟು ತೆಗೆದುಕೊಂಡು ಎದ್ದೇಳಿ.